ಕರುಳಿನ ಶಸ್ತ್ರಚಿಕಿತ್ಸೆ: ಮೊದಲೇ ಹೇಳಬೇಕಾದ ಮಾತು

ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ರಾಜ್ಯ ಬೇರೆಯಾದರೂ ರೋಗಿಗಳ ದಾರಿ ಬದಲಾಗಲಿಲ್ಲ. ಇಂದಿಗೂ ದೊಡ್ಡ ಶಸ್ತ್ರಚಿಕಿತ್ಸೆಗೆಂದು ಅಲ್ಲಿಂದ ಬರುವವರು ನಗರದ ಕನ್ನಡಿಗ ಬಂಧುಗಳ ಮನೆಯಲ್ಲಿ ಉಳಿಯುವುದುಂಟು. ಆಸ್ಪತ್ರೆಯಲ್ಲಿ ತೆಲುಗು, ಉರ್ದು, ಇಂಗ್ಲಿಷುಗಳಲ್ಲಿ ನಡೆದ ಮಾತನ್ನು ರೋಗಿಗೆ ಕನ್ನಡದಲ್ಲಿ ತಿಳಿಸುವ ಹೊಣೆಯೂ ಆ ಮನೆಯವರದೇ. ಅನೇಕ ವೇಳೆ ಮುಖ್ಯವಾದ ಮಾತೇ ಅಲ್ಲಿ ಉಳಿದುಹೋಗುತ್ತದೆ. “ಅವರಿಗೆ ಈಗಲೇ ಹೇಳುವುದು ಬೇಡ, ಹೆದರಿಯಾರು” ಎಂದು ಹಿರಿಯರು ನಿಶ್ಚಯಿಸುತ್ತಾರೆ. ಎಚ್ಚರವಾದಾಗ ಹೊಟ್ಟೆಯ ಮೇಲೆ ಚೀಲವೊಂದನ್ನು ಕಂಡು ರೋಗಿ ಪಡುವ ಆಘಾತವು ಆ ಹೆದರಿಕೆಗಿಂತ ಬಹಳ ದೊಡ್ಡದು. ಇಂತಹ ಮರೆಮಾಚುವಿಕೆಯನ್ನು ಕರುಣೆಯೆನ್ನಲಾಗದು.

ಗುದನಾಳದ ಕ್ಯಾನ್ಸರ್, ದೊಡ್ಡ ಕರುಳಿನ ತೀವ್ರ ಹುಣ್ಣು, ಕರುಳಿನ ತಡೆ, ಅಪಘಾತದ ಗಾಯ ಮುಂತಾದ ಕೆಲವು ಸಂದರ್ಭಗಳಲ್ಲಿ ವೈದ್ಯರು ಕರುಳಿನ ಒಂದು ಭಾಗವನ್ನು ಹೊಟ್ಟೆಯ ಮೂಲಕ ಹೊರತಂದು ಚರ್ಮಕ್ಕೆ ಹೊಲಿಯುತ್ತಾರೆ. ಇದೇ ಸ್ಟೋಮಾ. ದೊಡ್ಡ ಕರುಳಿನದಾದರೆ ಕೊಲಾಸ್ಟಮಿ, ಸಣ್ಣ ಕರುಳಿನ ಕೊನೆಯದಾದರೆ ಇಲಿಯಾಸ್ಟಮಿ. ಕೆಲವರಿಗೆ ಇದು ತಾತ್ಕಾಲಿಕ. ಗುದದ್ವಾರವನ್ನೇ ತೆಗೆಯಬೇಕಾದವರಿಗೆ ಶಾಶ್ವತ. ಅದು ಬಾಯಿಯ ಒಳಭಾಗದಂತೆ ಕೆಂಪಗೆ, ತೇವವಾಗಿರುತ್ತದೆ, ಮುಟ್ಟಿದರೆ ನೋವಿಲ್ಲ. ಮಲವನ್ನು ತಡೆಹಿಡಿಯುವ ಸ್ನಾಯು ಅಲ್ಲಿಲ್ಲವಾದ್ದರಿಂದ ಚೀಲ ಬೇಕಾಗುತ್ತದೆ. ಅಂಟಿಸುವ ಚೀಲದ ಕಲ್ಪನೆ 1954ರಲ್ಲಿ ಡೆನ್ಮಾರ್ಕಿನ ನರ್ಸ್ ಎಲಿಸ್ ಸೋರೆನ್ಸನ್ ಅವರಿಗೆ ಹೊಳೆಯಿತು. ಶಸ್ತ್ರಚಿಕಿತ್ಸೆಯ ನಂತರ ಮನೆಬಿಟ್ಟು ಹೊರಬರಲು ಅಂಜುತ್ತಿದ್ದ ತಂಗಿಯ ಸಂಕಟವೇ ಅದಕ್ಕೆ ಕಾರಣ.

ರೋಗಿಗೆ ಮುಂಚಿತವಾಗಿ ತಿಳಿಸಲು ಇನ್ನೊಂದು ಬಲವಾದ ಕಾರಣವಿದೆ. ತುರ್ತು ಪ್ರಸಂಗವಲ್ಲದಿದ್ದರೆ ಸ್ಟೋಮಾದ ಸ್ಥಳವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಚರ್ಮದ ಮೇಲೆ ಗುರುತು ಮಾಡಬೇಕು. ರೋಗಿ ಮಲಗಿ, ಕುಳಿತು, ನಿಂತು, ಬಾಗಿ ತೋರಿಸಬೇಕು. ಮಲಗಿದಾಗ ಸಮವಾಗಿ ಕಾಣುವ ಹೊಟ್ಟೆ ಕುಳಿತೊಡನೆ ಮಡಿಕೆ ಬೀಳುತ್ತದೆ. ಮಡಿಕೆಯಲ್ಲಿ ಚೀಲ ನಿಲ್ಲದೆ ಸೋರುತ್ತದೆ. ಪಂಚೆಯ ಗಂಟು, ಸೀರೆಯ ನೆರಿಗೆ, ಉಡಿದಾರ ಎಲ್ಲಿ ಬರುತ್ತವೆಂಬುದನ್ನು ಉಡುವವರೇ ಹೇಳಬೇಕು. ಏನೂ ತಿಳಿಯದ ರೋಗಿ ಏನೆಂದು ಹೇಳಿಯಾರು?

ಮನೆಗೆ ಬಂದ ಮೇಲೆ ಕಲಿಯುವುದು ಕಷ್ಟವೇನಲ್ಲ. ಚೀಲ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ತುಂಬಿದೊಡನೆ ಖಾಲಿ ಮಾಡಬೇಕು. ಮೊದಲ ಆರೆಂಟು ವಾರಗಳಲ್ಲಿ ಸ್ಟೋಮಾದ ಬಾವು ಇಳಿಯುವುದರಿಂದ ಆಗಾಗ ಅಳತೆ ನೋಡಿ ಅಂಟುಫಲಕದ ರಂಧ್ರವನ್ನು ಕತ್ತರಿಸಬೇಕು. ಆ ಅವಧಿಯಲ್ಲಿ ತುಂಬಿದ ಕೊಡ ಎತ್ತುವುದು ಸಲ್ಲದು. ಒರೆಸುವಾಗ ತುಸು ರಕ್ತ ಕಂಡರೆ ಗಾಬರಿ ಬೇಡ. ಬಣ್ಣ ಕಪ್ಪಾದರೆ ಅಥವಾ ಮಲ ನಿಂತು ವಾಂತಿ, ಹೊಟ್ಟೆನೋವು ಬಂದರೆ ಕೂಡಲೇ ವೈದ್ಯರ ಬಳಿ ಹೋಗಬೇಕು. ಇಲಿಯಾಸ್ಟಮಿಯವರ ದೇಹದಿಂದ ನೀರು, ಉಪ್ಪು ಹೆಚ್ಚಾಗಿ ಹೋಗುತ್ತವೆ. ಹೈದರಾಬಾದಿನ ಮೇ ತಿಂಗಳಲ್ಲಿ ಅವರಿಗೆ ಬರಿಯ ನೀರು ಸಾಲದು, ಓ.ಆರ್.ಎಸ್. ಬೇಕು. ಜೋಳದ ತೆನೆ, ಕೊಬ್ಬರಿ, ಶೇಂಗಾ ಮೊದಲ ವಾರಗಳಲ್ಲಿ ಬೇಡ. ಮೊಸರನ್ನ, ಬಾಳೆಹಣ್ಣು ಒಗ್ಗುತ್ತವೆ. ಹೆಚ್ಚುವರಿ ಚೀಲಗಳನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿಡಬಾರದು, ಅಂಟು ಕೆಡುತ್ತದೆ.

ಇದಕ್ಕಿಂತ ಕಠಿಣವಾದುದು ಮನೆಯ ಮಡಿ. ಚೀಲವಿರುವ ಅತ್ತೆಗೆ ಅಡಿಗೆಮನೆ, ದೇವರಕೋಣೆ ಬೇಡವೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತಟ್ಟೆ ಮಾತ್ರ ಬೇರೆಯಾಗುತ್ತದೆ. ಎಲ್ಲರ ಹೊಟ್ಟೆಯೊಳಗೂ ಇರುವುದೇ ಅವರ ಮುಚ್ಚಿದ ಚೀಲದಲ್ಲಿಯೂ ಇರುವುದು. ಸ್ನಾನ ಮಾಡಿ ಬಂದವರಿಗೆ ಇಲ್ಲದ ಮೈಲಿಗೆಯನ್ನು ಹೊರಿಸುವುದು ಅನ್ಯಾಯ.

ಈ ಸ್ಥಿತಿಯನ್ನು ದಾಟಿಬಂದವರೊಬ್ಬರು ಶಸ್ತ್ರಚಿಕಿತ್ಸೆಗೆ ಮೊದಲೇ ಬಂದು ಅರ್ಧ ಗಂಟೆ ಕುಳಿತು ಮಾತನಾಡಿದರೆ ಆಗುವ ಉಪಕಾರ ಪುಸ್ತಕಗಳಿಂದಾಗದು. ಮುಂಬಯಿಯಲ್ಲಿ 1975ರಲ್ಲಿ ಆರಂಭವಾದ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಇಂತಹವರದೇ ಸಂಸ್ಥೆ. ಕನ್ನಡ ಸಂಘಗಳೂ ಈ ಕೆಲಸವನ್ನು ಸಣ್ಣ ಪ್ರಮಾಣದಲ್ಲಿ ಮಾಡಬಹುದು. ಒಪ್ಪುವವರ ಹೆಸರು ಕಾರ್ಯದರ್ಶಿಗಳ ಬಳಿ ಗುಟ್ಟಾಗಿ ಇದ್ದರೆ ಸಾಕು. ಹೆಂಗಸರ ಬಳಿಗೆ ಹೆಂಗಸರೇ ಹೋಗುವಂತಾದರೆ ಇನ್ನೂ ಒಳ್ಳೆಯದು.