ಹಳೆಯ ಗಣಕಯಂತ್ರದ ಆರೈಕೆ

ಮೈಸೂರಿನ ನಮ್ಮ ಮನೆಗಳಲ್ಲಿ ಆಯುಧಪೂಜೆಯಂದು ಕಂಪ್ಯೂಟರಿಗೂ ವಿಭೂತಿ ಹಚ್ಚಿ ಹೂವೇರಿಸುತ್ತೇವೆ. ಅದರ ಒಳಗಿನ ಧೂಳನ್ನು ಮಾತ್ರ ವರ್ಷಗಟ್ಟಲೆ ನೋಡುವುದಿಲ್ಲ.

ಹಳೆಯ ಯಂತ್ರವು ಪದೇ ಪದೇ ನಿಂತುಹೋಗುತ್ತಿದ್ದರೆ ಮೊದಲು ಮಾಡಬೇಕಾದುದು ದುರಸ್ತಿಯಲ್ಲ, ಪ್ರತಿ ತೆಗೆಯುವುದು. ಹಿರಿಯರು ಬೆರಳಚ್ಚಿಸಿಟ್ಟ ವಚನಗಳ ಟಿಪ್ಪಣಿ, ಮನೆತನದ ಚಿತ್ರಗಳು ಪೆನ್‌ಡ್ರೈವಿಗೆ ಬರಲಿ. ತಾಳೆಗರಿಗಳಲ್ಲಿದ್ದ ವಚನಗಳನ್ನು ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಅಚ್ಚಿಗೆ ತಂದ ಫ.ಗು. ಹಳಕಟ್ಟಿಯವರನ್ನು ಇಲ್ಲಿ ನೆನೆಯೋಣ.

ಬಳಿಕ ಲಕ್ಷಣವನ್ನು ಗಮನಿಸೋಣ. ಅರ್ಧ ಗಂಟೆ ನಡೆದು ತಟ್ಟನೆ ಆರಿದರೆ ಪ್ರಾಯಶಃ ಕಾವೇ ಕಾರಣ: ಪ್ರೊಸೆಸರ್ ಮಿತಿಮೀರಿ ಬಿಸಿಯಾದಾಗ ಯಂತ್ರವು ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ವಿದ್ಯುತ್ ತಂತಿಯನ್ನು ಕಳಚಿ, ಫ್ಯಾನಿನ ಧೂಳನ್ನು ಮೃದುವಾದ ಬ್ರಷ್ಷಿನಿಂದ ತೆಗೆಯಬೇಕು. ನೀಲಿ ಪರದೆ ಮೂಡಿದರೆ ಅದರ ಸಂಕೇತವನ್ನು ಬರೆದುಕೊಂಡು, ವಿಂಡೋಸ್‌ನಲ್ಲಿಯೇ ಇರುವ ಮೆಮೊರಿ ಪರೀಕ್ಷೆಯನ್ನು ನಡೆಸಬೇಕು. ದೋಷ ಕಂಡರೆ ರ್‍ಯಾಮ್ ಪಟ್ಟಿಯನ್ನು ತೆಗೆದು ಮರಳಿ ಕೂರಿಸಿ ನೋಡಬೇಕು. ಹಾರ್ಡ್‌ಡಿಸ್ಕ್ ಕಟಕಟ ಸದ್ದು ಮಾಡಿದರೆ ಬದಲಿಸುವುದೇ ಲೇಸು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಬಿಚ್ಚಕೂಡದು. ತಂತಿ ಕಳಚಿದ ಮೇಲೂ ಅದರಲ್ಲಿ ವಿದ್ಯುತ್ತು ಉಳಿದಿರಬಹುದು.

ಕಾಯಕದ ಉಪಕರಣವನ್ನು ಶುಚಿಯಾಗಿಡುವುದೂ ಕಾಯಕವೇ. ಈ ಸಲದ ಆಯುಧಪೂಜೆಗೆ ಮುನ್ನ ಅದನ್ನು ನಾವೆಲ್ಲರೂ ಮಾಡೋಣ. ಶರಣು.