ಕಾಕಾನ ಪುರಾಣ ಅಲ್ರೀ, ಅದು ಸಾಕ್ಷಿ

ಹೋದ ದೀಪಾವಳಿಗೆ ಬಾಗಲಕೋಟೆಗೆ ಹೋಗಿದ್ದೆ. ನವನಗರದ ಮನೆಯ ಪಡಸಾಲೆಯಲ್ಲಿ ಕಾಕಾ ಪೇಪರ್ ಹಿಡಿದು ಕೂತಿದ್ದರು. ಮಾಸ್ತರಿಕೆ ಮಾಡಿ ನಿವೃತ್ತರಾದವರು, ಈಗ ಪಾಠವೆಲ್ಲ ಪೇಪರಿಗೆ. ಆಲಮಟ್ಟಿ ಸುದ್ದಿ ಕಂಡ ಕೂಡಲೆ, "ಐನೂರಾ ಇಪ್ಪತ್ನಾಕಕ್ಕ ಏರಸ್ತೀವಿ ಅಂತ ಎಷ್ಟ ವರ್ಷ ಹೇಳ್ತಾರಿವ್ರು!" ಅಂತ ಟೀಪಾಯಿಗೆ ಗುದ್ದಿದರು. ಮರುಕ್ಷಣವೇ ದನಿ ಇಳಿಯಿತು. "ನಮ್ಮ ಹಳೇ ಮನಿ ಕಟ್ಟಿ ಮ್ಯಾಲ ಸಂಜಿಮುಂದ ಕುಂತ್ರ ಹೊಳಿ ಗಾಳಿ ಹೆಂಗ ಬರ್ತಿತ್ತು ಗೊತ್ತೇನು..."

ತಂಗಿ ಫೋನಿನಿಂದ ತಲೆ ಎತ್ತಲಿಲ್ಲ. "ಶುರು ಆತು ನೋಡ್ರಿ ಪುರಾಣ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ನಗುವಿನ ಮೇಲಿನ ಸಿಟ್ಟಿಗೇ ಇದನ್ನು ಬರೆಯುತ್ತಿದ್ದೇನೆ. ನನ್ನ ಮೇಲೂ ಅಷ್ಟೇ ಸಿಟ್ಟಿದೆ.

ನಿವೃತ್ತರ ಮಾತು ಅಂದರೆ ನಮಗೆ ಒಂದು ಅಚ್ಚು ಇದೆ. ಮೊದಲು ಇವತ್ತಿನ ರಾಜಕೀಯಕ್ಕೆ ಬೈಗುಳ, ಆಮೇಲೆ "ನಮ್ಮ ಕಾಲದಾಗ". ಹೂಂಗುಟ್ಟಿ ಎದ್ದು ಹೋಗುವುದು ನಮ್ಮ ಅಭ್ಯಾಸ. ಬೇರೆ ಊರಲ್ಲಾದರೆ ಅದು ನಡೆದೀತು. ಧಾರವಾಡದ ಅಜ್ಜ ತನ್ನ ಕಾಲದ ಓಣಿಯ ಬಗ್ಗೆ ಸುಳ್ಳು ಹೇಳಿದರೆ, ಎದ್ದು ಹೋಗಿ ಆ ಓಣಿ ನೋಡಿ ಬರಬಹುದು. ನಮ್ಮ ಕಾಕಾ ಹೇಳುವ ಓಣಿ ನೀರೊಳಗಿದೆ. ಅಲ್ಲಿಗೆ ಹೋಗಲಿಕ್ಕೆ ಇರುವುದು ಒಂದೇ ದಾರಿ, ಅವರ ಬಾಯಿ.

ಗೊತ್ತಿಲ್ಲದವರಿಗೆ ಸ್ವಲ್ಪ ಇತಿಹಾಸ. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರ ಮೇ 22ರಂದು, ಇನ್ನೂ ಪ್ರಧಾನಿ ಆಗುವ ಮುಂಚೆ. ಊರು ಮುಳುಗುತ್ತದೆ ಅಂತ ಗೊತ್ತಾಗಿ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರಕ್ಕೆ ಅಂತಲೇ 1983ರಲ್ಲಿ ಕಾಯ್ದೆ ಬಂತು. ಹೊಸ ಊರಿನ ಯೋಜನೆಗೆ ಚಾರ್ಲ್ಸ್ ಕೊರಿಯಾ ಅವರಂಥ ದೊಡ್ಡ ವಾಸ್ತುಶಿಲ್ಪಿ ಕೆಲಸ ಮಾಡಿದರು. 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ 519.6 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿತು. ಹಿನ್ನೀರು ಬಂತು, ನದಿ ಕಡೆಯ ಓಣಿಗಳು ಹೋದವು. ಹೆಸರಿದ್ದ ಓಣಿಯ ಜನ ಸೆಕ್ಟರ್ ನಂಬರಿಗೆ ಬಂದರು. ಜಿಲ್ಲೆ ಹುಟ್ಟಿದ್ದು 1997ರಲ್ಲಿ, ನನಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ನನಗೆ ನೆನಪಿರುವುದು ಸೆಕ್ಟರ್ ಮಾತ್ರ.

ಕತೆ ಅಲ್ಲಿಗೇ ಮುಗಿದಿಲ್ಲ. 2010ರ ಡಿಸೆಂಬರ್ 30ರಂದು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256 ಮೀಟರಿಗೆ ಹೂಂ ಅಂದಿತು. ತೀರ್ಪು ಗೆಜೆಟ್ಟಿಗೆ ಬರದೆ ವರ್ಷಗಟ್ಟಲೆ ಸುಪ್ರೀಂ ಕೋರ್ಟಿನಲ್ಲಿ ಸಿಕ್ಕಿಕೊಂಡಿತು. ಆ ಎತ್ತರಕ್ಕೆ ನೀರು ನಿಂತರೆ ಇನ್ನೂ 20 ಹಳ್ಳಿ, ಬಾಗಲಕೋಟೆಯ 11 ವಾರ್ಡು ಹೋಗುತ್ತವೆ. ಮುಳುಗಡೆಯಾಗುವ ಭೂಮಿಯೇ 75,563 ಎಕರೆ. ಕಾಲುವೆ, ಪುನರ್ವಸತಿ ಎಲ್ಲ ಸೇರಿದರೆ 1,33,867 ಎಕರೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಮುಳುಗಡೆ ಭೂಮಿಗೆ ದರವನ್ನೂ ಹೇಳಿತು: ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ್ದಕ್ಕೆ 30 ಲಕ್ಷ.

ಈ ಲೆಕ್ಕವನ್ನು ಇನ್ನೊಮ್ಮೆ ಓದಿ. ಮೀಟರ್ ಇದೆ, ಎಕರೆ ಇದೆ, ಲಕ್ಷ ಇದೆ. ಎಕರೆಯೇ ಇಲ್ಲದವನು ಯಾವ ಕಾಲಮ್ಮಿನಲ್ಲಿದ್ದಾನೆ?

ಕಾಕಾನ "ಪುರಾಣ" ಶುರುವಾಗುವುದೇ ಇಲ್ಲಿಂದ. ನಮ್ಮ ಹಳೇ ಮನೆಯ ಮುಂದಿನ ಖೋಲಿಯಲ್ಲಿ ಒಬ್ಬ ಸಿಂಪಿಗ ಬಾಡಿಗೆಗಿದ್ದನಂತೆ. ಹಿಂದೆ ರೊಟ್ಟಿ ಮಾಡಿ ಮಾರುವ ಒಬ್ಬ ವಿಧವೆ. ಹೊಳೆದಂಡೆಯಲ್ಲಿ ಬದನೆಕಾಯಿ ಬೆಳೆಯುತ್ತಿದ್ದ ಕುಟುಂಬ, ಆದರೆ ಹೊಲ ಬೇರೆಯವರದು. ಅಳತೆಗೆ ಬಂದವರು ಟೇಪು ಹಿಡಿದು ಗೋಡೆ ಅಳೆದರು, ಗೋಡೆಯ ಮೇಲೆ ನಂಬರ್ ಬರೆದರು, ಒಡೆಯನ ಹೆಸರು ಕೇಳಿದರು. ನಮಗೆ ಪರಿಹಾರ ಬಂತು, ಪ್ಲಾಟು ಬಂತು. ಸಿಂಪಿಗ ಮಷಿನ್ನು ಸೈಕಲ್ ಮೇಲೆ ಹೇರಿಕೊಂಡು ಹೋದ. ಎಲ್ಲಿಗೆ? ಗೊತ್ತಿಲ್ಲ.

ಆಗಿನ 1894ರ ಭೂಸ್ವಾಧೀನ ಕಾಯ್ದೆಯಲ್ಲಿ ಪುನರ್ವಸತಿ ಅನ್ನುವ ಮಾತೇ ಇರಲಿಲ್ಲ. ಈಗ 2013ರ ಕಾಯ್ದೆ ಇದೆ. ಅದರ ಪ್ರಕಾರ "ಬಾಧಿತ ಕುಟುಂಬ" ಅಂದರೆ ಒಡೆಯ ಮಾತ್ರ ಅಲ್ಲ. ಸ್ವಾಧೀನಕ್ಕೆ ಮುಂಚೆ ಮೂರು ವರ್ಷ ಅಲ್ಲೇ ದುಡಿದು ಬದುಕಿದ ಕೂಲಿಕಾರ, ಗೇಣಿದಾರ, ಪಾಲಿಗೆ ಮಾಡುವವ, ಕುಶಲಕರ್ಮಿಗಳೂ ಬರುತ್ತಾರೆ. ಪಟ್ಟಣದಲ್ಲಿ ಮೂರು ವರ್ಷ ವಾಸ ಇದ್ದವರೂ ಬರುತ್ತಾರೆ. ಒಳ್ಳೆಯದೇ. ಆದರೆ ಮೂರು ವರ್ಷ ಇದ್ದೆ ಅಂತ ರೊಟ್ಟಿ ಮಾರುವ ಹೆಂಗಸು ಹೇಗೆ ತೋರಿಸಬೇಕು? ಅವಳ ಹತ್ತಿರ ಬಾಡಿಗೆ ಚೀಟಿ ಇಲ್ಲ. ಓಣಿಯ ಹಿರಿಯರು "ಹೌದ್ರೀ, ಈಕಿ ಇಲ್ಲೇ ಇದ್ಲು" ಅನ್ನಬೇಕು. ಯಾವ ಮಾತನ್ನು ನಾವು ಹರಟೆ ಅಂತ ನಗುತ್ತೇವೋ, ಅದೇ ಮಾತು ನಾಳೆ 11 ವಾರ್ಡುಗಳಲ್ಲಿ ಯಾರದ್ದೋ ಅನ್ನದ ಪ್ರಶ್ನೆ ಆಗಬಹುದು.

ನಮ್ಮ ಸೀಮೆಗೆ ಬರೆದಿಡುವ ಅಭ್ಯಾಸ ಇಲ್ಲ ಅಂತ ಹೇಳಬೇಡಿ. ಬಾದಾಮಿಯ ಮೂರನೇ ಗುಹೆ ಕೊರೆಸಿ, ಅದಕ್ಕೆ ಒಂದು ಹಳ್ಳಿಯನ್ನು ದತ್ತಿ ಬಿಟ್ಟದ್ದನ್ನು ಮಂಗಳೇಶ 578ರಲ್ಲೇ ಕಲ್ಲಿನಲ್ಲಿ ಬರೆಸಿದ. ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ನಾರಾಯಣಪುರದ ಹಿನ್ನೀರು ಬಂದಾಗ, ಬಸವಣ್ಣನ ಐಕ್ಯಮಂಟಪದ ಸುತ್ತ ಬಾವಿಯ ಹಾಗೆ ಗೋಡೆ ಕಟ್ಟಿ ಉಳಿಸಿಕೊಂಡೆವು. ಹದಿನಾಲ್ಕು ಶತಮಾನದ ಹಿಂದೆ ದಾನ ಕೊಟ್ಟ ಹಳ್ಳಿಯ ಹೆಸರು ನಮಗೆ ಗೊತ್ತು. ಇಪ್ಪತ್ತೈದು ವರ್ಷದ ಹಿಂದೆ ನಮ್ಮದೇ ಮನೆಯಲ್ಲಿ ಬಾಡಿಗೆಗಿದ್ದ ಸಿಂಪಿಗನ ಹೆಸರು ಗೊತ್ತಿಲ್ಲ!

ಇಷ್ಟು ಹೇಳಿ ಹಿರಿಯರನ್ನೆಲ್ಲ ತಲೆ ಮೇಲೆ ಹೊತ್ತು ಕುಣಿಯುತ್ತೇನೆ ಅಂದುಕೊಳ್ಳಬೇಡಿ. ಅವರ ಮೇಲೂ ತಕರಾರಿದೆ. "ಎಲ್ಲಾರೂ ಒಂದ ಮನಿಯವ್ರಂಗ ಇದ್ವಿ" ಅನ್ನುತ್ತಾರೆ. ಹೋಳಿಗೆ ಕಿಲ್ಲಾ, ಹಳೇಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಲ್ಲ ಸೇರಿ ಹಲಗಿ ಬಾರಿಸಿದ್ದು ನಿಜ. ಆದರೆ "ಕಾಕಾ, ಎಲ್ಲಾರೂ ಒಂದ ಬಾವ್ಯಾಗ ನೀರು ಸೇದ್ತಿದ್ರೇನು?" ಅಂತ ಕೇಳಿದೆ. ಪೇಪರ್ ಮಡಚಿಟ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಪಾ. ಅವ್ರ ಬಾವಿ ಬ್ಯಾರೇ ಇತ್ತು. ಮಳಿಗಾಲದಾಗ ಮೊದ್ಲು ನೀರು ಹೊಗುದೂ ಅವ್ರ ಮನಿಗೇ" ಅಂದರು. ನಾನು ಕೇಳುವವರೆಗೆ ಆ ಬಾವಿ ಅವರ ನೆನಪಿನಲ್ಲಿ ಇರಲೇ ಇಲ್ಲ. ಎದುರಿಗೆ ಪ್ರಶ್ನೆ ಕೇಳುವವರು ಇಲ್ಲದಿದ್ದರೆ ನೆನಪು ತನಗೆ ಬೇಕಾದ್ದನ್ನಷ್ಟೇ ಇಟ್ಟುಕೊಳ್ಳುತ್ತದೆ. ಎದ್ದು ಹೋಗುವ ನಮ್ಮದೂ ಅದರಲ್ಲಿ ಪಾಲಿದೆ.

ಇನ್ನೊಂದು ಮಾತು. ಊರು ಕಳಕೊಂಡವರೇ ಎತ್ತರ ಏರಿಸಿ ಅಂತಾರಲ್ಲ, ಇದೆಂಥ ವಿಚಿತ್ರ ಅನ್ನಿಸಿತ್ತು. ಕೇಳಿದೆ. "ಮತ್ತ ಮುಳುಗಿದ್ದು ಯಾಕ? ಹುನಗುಂದ ಕಡೆ ಎರಿ ಹೊಲ ಇನ್ನೂ ಮುಗಲ ನೋಡತಾವು. ಅಲ್ಲಿಗೆ ನೀರು ಹೋಗ್ಲಿಲ್ಲಂದ್ರ ನಮ್ಮ ಮನಿ ಸುಮ್ನ ಹೋದಂಗಾತು" ಅಂದರು. ಟಿವಿಯಲ್ಲಿ ಮಹಾರಾಷ್ಟ್ರ, ಆಂಧ್ರ, ತೆಲಂಗಾಣ ಅಂತ ಕೂಗಾಡುವ ಯಾರ ಬಾಯಲ್ಲೂ ಈ ಮಾತು ನಾನು ಕೇಳಿಲ್ಲ. ಏರಿಸಬೇಕೋ ಬೇಡವೋ ಅನ್ನುವುದರಲ್ಲಿ ನಾನು ಅವರಷ್ಟು ಗಟ್ಟಿ ಇಲ್ಲ. ಆದರೆ ಆ ಮಾತಿನ ಬೆಲೆ ಕಟ್ಟಿದವರು ಅವರು, ನಾನಲ್ಲ.

ಪಿಂಚಣಿ ಇದ್ದವರ ನೆನಪನ್ನಾದರೂ ಒಂದಿಷ್ಟು ಜನ ಕೇಳುತ್ತಾರೆ. ಇಳಕಲ್ಲಿನಲ್ಲಿ ಕುಣಿಮಗ್ಗದ ಮುಂದೆ ಕೂತ ನೇಕಾರನಿಗೆ ನಿವೃತ್ತಿಯೇ ಇಲ್ಲ. ಸೀರೆಯ ಮೈಗೂ ಸೆರಗಿಗೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವ ಕೆಲಸ ಬಲ್ಲ ಮುದುಕಿಗೆ ಯಾವ ಸಂಘವೂ ಸನ್ಮಾನ ಮಾಡಿ ಶಾಲು ಹೊದಿಸುವುದಿಲ್ಲ. 2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಮಲಪ್ರಭಾ ಉಕ್ಕಿ ಬಾದಾಮಿ, ಹುನಗುಂದ ಹಳ್ಳಿಗಳಿಗೆ ನುಗ್ಗಿತು. 2019ರಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ಬಂತು. 2009ರ ನಂತರ "ಆಸರೆ" ಮನೆಗಳು ಎದ್ದವು, ಎಷ್ಟೋ ಕಡೆ ಜನ ಹೋಗಲೇ ಇಲ್ಲ. ಹೊಳೆ ಎಲ್ಲಿಯವರೆಗೆ ಬಂದಿತ್ತು, ಯಾವ ದಿಬ್ಬದಲ್ಲಿ ಮಣ್ಣು ಗಟ್ಟಿ, ದನಕ್ಕೆ ಜಾಗ ಎಲ್ಲಿ ಅಂತ ಆ ಊರಿನ ಮುದುಕರಿಗೆ ಗೊತ್ತಿರುತ್ತದೆ. ಕೇಳಬೇಕಿತ್ತು ಅಷ್ಟೆ.

ಹಾಗಾಗಿ ಗೆಳೆಯರೆ, ಒಂದು ವಿನಂತಿ. ಸುಮ್ಮನೆ "ಹಳೆಯ ಕಾಲವೇ ಚೆಂದ" ಅಂತ ಇನ್ನೊಂದು ಬರಹ ಬೇಡ. ಈ ಸಲ ಊರಿಗೆ ಹೋದಾಗ ಫೋನಿನ ರೆಕಾರ್ಡರ್ ಹಚ್ಚಿ ಕೂತು ಕೇಳಿ. ಓಣಿಯಲ್ಲಿ ಎಷ್ಟು ಮನೆ, ಯಾರ ಮನೆಯಲ್ಲಿ ಯಾರು ಬಾಡಿಗೆ, ಯಾರ ಹೊಲ ಯಾರು ಮಾಡುತ್ತಿದ್ದರು, ಬಾವಿ ಎಷ್ಟು, ಯಾವ ಬಾವಿಗೆ ಯಾರು ಬರಬಾರದಿತ್ತು. ಇಸವಿ ಹಾಕಿ ಬರೆದಿಡಿ. ತಪ್ಪಿದ್ದರೆ ಇನ್ನೊಬ್ಬ ಹಿರಿಯರು ತಿದ್ದುತ್ತಾರೆ. ನಾವು ದಿನಾ ಆಫೀಸಿನಲ್ಲಿ ಕಂಡವರ ಡೇಟಾಕ್ಕೆ ಬ್ಯಾಕಪ್ ತೆಗೆಯುವವರು. ನಮ್ಮ ಊರಿನದಕ್ಕೆ ತೆಗೆದಿಲ್ಲ.

ನಾನು ಶುರು ಮಾಡಿದೆ. ಹೊರಡುವ ಹಿಂದಿನ ರಾತ್ರಿ ಕಾಕಾ ಹಳೇ ಕ್ಯಾಲೆಂಡರಿನ ಹಿಂದೆ ಓಣಿಯ ನಕ್ಷೆ ಬರೆದು, ಒಂದೊಂದು ಮನೆಗೂ ಹೆಸರು ತುಂಬಿದರು. ಸಿಂಪಿಗನ ಖೋಲಿಗೆ ಬಂದಾಗ ಪೆನ್ನು ನಿಂತಿತು. "ಬಾಯಾಗ ಐತಿ, ಬರವಲ್ದು" ಅಂದರು.

ನಾಲ್ಕು ದಿನ ಬಿಟ್ಟು ಬೆಂಗಳೂರಿನಲ್ಲಿ ಮೀಟಿಂಗ್‌ನಲ್ಲಿದ್ದಾಗ ಅವರ ಫೋನ್ ಬಂತು. ಕಟ್ ಮಾಡಿದೆ. ಸಂಜೆ ನಾನೇ ಮಾಡಿದೆ.

"ಮುಂಜಾನೆ ನೆನಪಾಗಿತ್ತು ನೋಡು" ಅಂದರು. "ಈಗ ಮತ್ತ ಹೋತು."