ಕೂಟ ಒಂದಾದರೆ ಬಾಯಿ ಬಿಡೋರು ಯಾರು?

ಮುನವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಸವದತ್ತಿ ಗಾಡಿಗೆ ಕಾದು ನಿಂತವರ ನಡುವೆ ಮೊನ್ನೆ ಒಂದು ವಾದ ಹುಟ್ಟಿತು. ಕುಡಿತ ಬಿಟ್ಟವರು ವಾರಕ್ಕೊಮ್ಮೆ ಸೇರುವ ಕೂಟ ಬೇರೆ, ಅವರ ಹೆಂಡಂದಿರ ಕೂಟ ಬೇರೆ ಯಾಕೆ? "ಎರಡೂ ಕೂಡಿಸಿ ಒಂದ ಮಾಡ್ರಿ. ಜಾಗಾನೂ ಉಳೀತು, ಖರ್ಚೂ ಉಳೀತು" ಅಂದರು ಕಿರಾಣಿ ಅಂಗಡಿಯ ಹಿರಿಯರೊಬ್ಬರು.

ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬಳು ಮೆಲ್ಲಗೆ ಕೇಳಿದಳು: "ಕಾಕಾ, ನಮ್ಮ ಮನಿಯವರು ಎದುರಿಗೆ ಕುಂತಾಗ, ರಾತ್ರಿ ಹೊಡದದ್ದು ನಾ ಹೆಂಗ ಹೇಳ್ಲಿ? ತಿರುಗಿ ಅವರ ಜೋಡೀನ ಮನಿಗೆ ಹೋಗಬೇಕಲ್ರಿ?"

ಕಾಕಾ ಸುಮ್ಮನಾದರು. ವಾದ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ, ಅದಕ್ಕೇ ಈ ಬರಹ.

ಕುಡುಕರೇ ಕೂಡಿ ಒಬ್ಬರನ್ನೊಬ್ಬರು ಎತ್ತುವ 'ಆಲ್ಕೊಹಾಲಿಕ್ಸ್ ಅನಾನಿಮಸ್' ಅಮೆರಿಕದಲ್ಲಿ 1935ರಲ್ಲಿ ಹುಟ್ಟಿತು. ಅದನ್ನು ಕಟ್ಟಿದ ಬಿಲ್ ವಿಲ್ಸನ್ ಅವರ ಹೆಂಡತಿ ಲೋಯಿಸ್, 1951ರಲ್ಲಿ ಮನೆಯವರಿಗಾಗಿ 'ಅಲ್-ಅನಾನ್' ಎಂಬ ಬೇರೆ ಸಂಘಟನೆಯನ್ನೇ ಕಟ್ಟಿದರು. ಯಾಕೆ? ಕುಡಿಯುವವನ ನೋವು ಒಂದು, ಅವನ ಜೋಡಿ ಬಾಳುವವಳ ನೋವು ಇನ್ನೊಂದು. ಔಷಧವೂ ಎರಡು.

"ಬೆಂಗಳೂರಿನಾಗ ಕೂಡಿಸಿಲ್ಲೇನು?" ಅನ್ನಬಹುದು. ಹೌದು, 1974ರಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು. ಆದರೆ ಒಂದಾದದ್ದು ಆಡಳಿತ. ವ್ಯಸನದವರಿಗೆ ಅಲ್ಲಿ ಇವತ್ತಿಗೂ ಬೇರೆ ವಿಭಾಗವೇ ಉಂಟು.

ಹಾಗಂತ ಗಂಡ ಹೆಂಡತಿ ಒಟ್ಟಿಗೆ ಕೂಡಲೇಬಾರದು ಅಂತಲ್ಲ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲೇ ರೋಗಿಗಳ ಮನೆಯವರನ್ನೂ ಆವರಣದ ಡೇರೆಗಳಲ್ಲಿ ಇರಿಸಿಕೊಂಡು ಗುಣ ಕಂಡರು. ಮನೆಯವರ ಕೈ ಹತ್ತದೆ ಯಾವ ಮದ್ದೂ ನಾಟುವುದಿಲ್ಲ, ನಿಜ.

ಹಂಗಾದರೆ ದಾರಿ? ಜಾಗ ಒಂದೇ ಇರಲಿ, ದಿನ ಬೇರೆ ಇರಲಿ. ತಿಂಗಳಿಗೊಮ್ಮೆ ಎಲ್ಲರೂ ಕೂಡಲಿ; ಉಳಿದ ವಾರ ಅವರವರ ಕೂಟ ಅವರವರಿಗೆ. ಒಂದರಲ್ಲಿ ಆಡಿದ ಮಾತು ಇನ್ನೊಂದಕ್ಕೆ ದಾಟಬಾರದು. ಕೂಡಿಸುವ ಮೊದಲು ಹೆಣ್ಣುಮಕ್ಕಳನ್ನು ಕೇಳಬೇಕು, ಅದೂ ಗಂಡಂದಿರು ಇಲ್ಲದಾಗ.

ಜಾಗದ್ದೇ ತೊಂದರೆ ಎಂದರೆ ಪೇಟೆಯ ಅಂಗಡಿಕಾರರಿಗೊಂದು ಮಾತು. ನಿಮ್ಮ ಅಟ್ಟದ ಮೇಲೆ ಖಾಲಿ ಕೋಣೆ ಇಲ್ಲವೇ? ವಾರಕ್ಕೆ ಒಂದು ತಾಸು ಕೊಡ್ರಿ. ಕುಡಿತ ಬಿಟ್ಟ ಗಿರಾಕಿ ನಿಮ್ಮ ಉದ್ರಿ ಬಾಕಿಯನ್ನೂ ತೀರಿಸುತ್ತಾನೆ.

ಒಂದು ಕೋಣೆಯ ಬಾಡಿಗೆ ಉಳಿಸಲು ಹೋಗಿ ಒಬ್ಬ ಹೆಣ್ಣುಮಗಳ ಬಾಯಿ ಮುಚ್ಚಿಸಬೇಕೇ? ಸಂಬಂಧಪಟ್ಟವರು ಯೋಚಿಸುವರೇ?